ಪಿಎಸ್‌ಎಟಿ ಸ್ಕೋರ್ 1180 ಬಂದಿದೆ. ಇದನ್ನು ಹೇಗೆ ಓದಬೇಕು?

ಮಲ್ಲಿಗೆದಂಡೆ (ಡಲ್ಲಾಸ್ ಹತ್ತಿರ)

ಎಲ್ಲರಿಗೂ ನಮಸ್ಕಾರ. ಮಗ 11ನೇ ಕ್ಲಾಸು. ಅಕ್ಟೋಬರ್‌ನಲ್ಲಿ ಸ್ಕೂಲಿನಲ್ಲೇ ಪಿಎಸ್‌ಎಟಿ (ಕಾಲೇಜು ಅಡ್ಮಿಷನ್‌ಗೆ ಬರೆಯುವ ಎಸ್‌ಎಟಿಗೆ ಮೊದಲಿನ ಅಭ್ಯಾಸ ಪರೀಕ್ಷೆ) ಬರೆದಿದ್ದ, ಈಗ ಸ್ಕೋರ್ ಬಂದಿದೆ. ರೀಡಿಂಗ್ ಅಂಡ್ ರೈಟಿಂಗ್ 560, ಮ್ಯಾತ್ 620, ಒಟ್ಟು 1180. ಹೋದ ವರ್ಷ 10ನೇ ಕ್ಲಾಸಿನಲ್ಲಿ 1150 ಬಂದಿತ್ತು.

ನಮ್ಮ ಯಜಮಾನರು ಕ್ಯಾಲ್ಕುಲೇಟರ್ ಹಿಡಿದು ಕೂತರು. 1520ಕ್ಕೆ 1180 ಅಂದರೆ 77.6 ಪರ್ಸೆಂಟ್, ಫಸ್ಟ್ ಕ್ಲಾಸ್ ಹೌದು, ಡಿಸ್ಟಿಂಕ್ಷನ್ ತಪ್ಪಿತು ಎಂದರು. ರಿಪೋರ್ಟ್ ನೋಡಿದರೆ ಪರ್ಸೆಂಟೈಲ್ 80ರ ಮೇಲಿದೆ. ಕಾಲೇಜ್ ರೆಡಿ ಬೆಂಚ್‌ಮಾರ್ಕ್ ದಾಟಿದ್ದಾನೆ ಅಂತಲೂ ಇದೆ. ಇತ್ತ ಅಸೋಸಿಯೇಷನ್ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಯಾರದೋ ಮಗಳಿಗೆ 1480 ಅಂತೆ. ಮಗನನ್ನು ಕೇಳಿದರೆ "ಇಟ್ಸ್ ಫೈನ್ ಅಮ್ಮಾ" ಎಂದು ರೂಮಿನ ಬಾಗಿಲು ಹಾಕಿಕೊಂಡ.

ನಿಜ ಹೇಳಿ, ಇದು ಒಳ್ಳೆಯ ಸ್ಕೋರಾ? ಈಗ ನಾವು ಮಾಡಬೇಕಾದ್ದು ಏನು? ಕೋಚಿಂಗ್‌ಗೆ ಹಾಕಬೇಕಾ? ನಮಗಿಬ್ಬರಿಗೂ ಗೊತ್ತಿರುವುದು ಎಸ್‌ಎಸ್‌ಎಲ್‌ಸಿ, ಪಿಯುಸಿ, ಸಿಇಟಿ ಮಾತ್ರ.

ಗಣಿತದ ಮೇಷ್ಟ್ರು

ಮೇಡಂ, ಮೊದಲು ಆ ಕ್ಯಾಲ್ಕುಲೇಟರ್ ಒಳಗಿಡಿಸಿ. ನಾನು ಇಲ್ಲಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಸ್ಕೋರ್ ಬಂದ ದಿನ ನಮ್ಮ ಕಡೆಯ ಅಪ್ಪಂದಿರು ಮೊದಲು ಮಾಡುವುದೇ ಈ ಭಾಗಾಕಾರ.

ಪಿಎಸ್‌ಎಟಿ ಸ್ಕೋರ್ ಸೊನ್ನೆಯಿಂದ ಶುರುವಾಗುವುದಿಲ್ಲ. ಒಂದೊಂದು ಭಾಗಕ್ಕೆ 160ರಿಂದ 760, ಒಟ್ಟು 320ರಿಂದ 1520. ಒಂದೂ ಉತ್ತರ ಸರಿಯಾಗದಿದ್ದರೂ 320 ಇದ್ದೇ ಇರುತ್ತದೆ. ಹಾಗಿರುವಾಗ 77.6 ಎನ್ನುವ ಸಂಖ್ಯೆಗೆ ಅರ್ಥವೇ ಇಲ್ಲ. ಜೊತೆಗೆ 2023ರಿಂದ ಈ ಪರೀಕ್ಷೆ ಪೂರ್ತಿ ಡಿಜಿಟಲ್. ಪ್ರತಿ ಭಾಗದಲ್ಲೂ ಎರಡು ಮಾಡ್ಯೂಲ್ ಇರುತ್ತದೆ. ಮೊದಲನೆಯದನ್ನು ಹುಡುಗ ಹೇಗೆ ಮಾಡಿದ ಎಂದು ನೋಡಿಕೊಂಡು ಎರಡನೆಯದನ್ನು ಕಷ್ಟದ್ದೋ ಸುಲಭದ್ದೋ ಕೊಡುತ್ತದೆ. ಅದಕ್ಕೇ ಇಬ್ಬರು ಮಕ್ಕಳು ಅಷ್ಟೇ ಪ್ರಶ್ನೆ ಸರಿ ಮಾಡಿದರೂ ಸ್ಕೋರ್ ಬೇರೆ ಬೇರೆ ಬರಬಹುದು. "ಎಷ್ಟು ತಪ್ಪು ಮಾಡಿದೆ?" ಎಂದು ಮಗನನ್ನು ಕೇಳಬೇಡಿ. ಅವನಿಗೂ ಗೊತ್ತಿರುವುದಿಲ್ಲ, ರಿಪೋರ್ಟ್ ಅದನ್ನು ಹೇಳುವುದೇ ಇಲ್ಲ.

ಪರ್ಸೆಂಟೈಲ್ ಬೇರೆ ಲೆಕ್ಕ. 82 ಎಂದಿದ್ದರೆ ನೂರು ಮಕ್ಕಳಲ್ಲಿ 82 ಜನರ ಸ್ಕೋರ್ ಇವನಷ್ಟೇ ಇದೆ ಅಥವಾ ಇವನಿಗಿಂತ ಕಮ್ಮಿ ಇದೆ ಎಂದರ್ಥ. ಇಲ್ಲಿ ಯಾವ ನೂರು ಮಕ್ಕಳು ಎನ್ನುವುದು ಮುಖ್ಯ. ಒಂದು ಪರ್ಸೆಂಟೈಲ್ ದೇಶದ ಆ ಕ್ಲಾಸಿನ ಎಲ್ಲ ಮಕ್ಕಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಪರೀಕ್ಷೆ ಬರೆಯದವರನ್ನೂ ಸೇರಿಸಿ. ಇನ್ನೊಂದರಲ್ಲಿ ನಿಜವಾಗಿ ಬರೆದವರು ಮಾತ್ರ. ಮೊದಲನೆಯದು ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ ಕಾಣುತ್ತದೆ. ಯಾವುದನ್ನು ಓದುತ್ತಿದ್ದೇವೆ ಎಂದು ನೋಡಿಕೊಂಡು ಖುಷಿ ಪಡಿ.

ಬೆಂಚ್‌ಮಾರ್ಕ್ ಬಗ್ಗೆ. 11ನೇ ಕ್ಲಾಸಿನ ಪಿಎಸ್‌ಎಟಿಗೆ ಅದು ರೀಡಿಂಗ್ ಅಂಡ್ ರೈಟಿಂಗ್‌ನಲ್ಲಿ 460, ಮ್ಯಾತ್‌ನಲ್ಲಿ 510. ಎಸ್‌ಎಟಿಗೆ 480 ಮತ್ತು 530. ಇಷ್ಟು ಬಂದ ವಿದ್ಯಾರ್ಥಿಗೆ ಕಾಲೇಜಿನ ಮೊದಲ ಸೆಮಿಸ್ಟರಿನ ಆ ವಿಷಯದ ಕೋರ್ಸಿನಲ್ಲಿ ಕನಿಷ್ಠ 'ಸಿ' ಗ್ರೇಡ್ ಬರುವ ಸಾಧ್ಯತೆ 75 ಪರ್ಸೆಂಟ್. ಅಷ್ಟೇ ಅದರ ಅರ್ಥ. ನೀವು ಮನಸ್ಸಿನಲ್ಲಿಟ್ಟುಕೊಂಡ ಕಾಲೇಜಿನಲ್ಲಿ ಸೀಟು ಸಿಗುತ್ತದೆ ಎಂದಲ್ಲ. ದಾಟದವನು ಕಾಲೇಜಿಗೆ ಲಾಯಕ್ಕಿಲ್ಲ ಎಂದೂ ಅಲ್ಲ.

ಮತ್ತೆ ಆ 1150ರಿಂದ 1180. ಇದನ್ನು ಏರಿಕೆ ಎಂದು ಕರೆಯಲು ನನಗೆ ಧೈರ್ಯವಿಲ್ಲ. ಅದೇ ಹುಡುಗ ಇನ್ನೊಂದು ದಿನ ಬರೆದರೆ ಒಟ್ಟು ಸ್ಕೋರ್ ಸುಮಾರು 40 ಆಚೀಚೆ ಆಗುವುದು ಮಾಮೂಲಿ. ರಿಪೋರ್ಟಿನಲ್ಲಿ ಸ್ಕೋರ್ ರೇಂಜ್ ಎಂದು ಕೊಟ್ಟಿರುವುದು ಅದಕ್ಕೇ, ಆದರೆ ಯಾರೂ ಅದನ್ನು ನೋಡುವುದಿಲ್ಲ. ಹೋದ ವರ್ಷಕ್ಕೂ ಈ ವರ್ಷಕ್ಕೂ ಹೆಚ್ಚು ಕಮ್ಮಿ ಒಂದೇ ಕಡೆ ಇದ್ದಾನೆ. ನಿಮ್ಮ ಮನೆಯಲ್ಲಿ ಮಾತಾಡಬೇಕಾದ ವಿಷಯ ನನ್ನ ಪ್ರಕಾರ ಇದೇ. ಗ್ರೂಪಿನ 1480ಕ್ಕೂ ನಿಮ್ಮ ಮಗನಿಗೂ ಸಂಬಂಧವಿಲ್ಲ.

ಹುಬ್ಬಳ್ಳಿ ಹೈದ

ಮೇಷ್ಟ್ರೇ, ಒಂದೂ ಸರಿ ಇಲ್ಲದಿದ್ದರೂ 320 ಕೊಡುತ್ತಾರಾ? ನಮ್ಮ ಕಾಲದಲ್ಲಿ ಇದು ಎಲ್ಲಿ ಹೋಗಿತ್ತು ರೀ!

ಬೇ ಏರಿಯಾ ಅಪ್ಪ

ನನಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದು ಯಾಕೆ ಎಂದೇ ತಿಳಿಯುತ್ತಿಲ್ಲ. ಕ್ಯಾಲಿಫೋರ್ನಿಯಾದ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಕಾಲೇಜುಗಳು ಎಸ್‌ಎಟಿ ನೋಡುವುದೇ ಇಲ್ಲ. ಕಳಿಸಿದರೂ ಅಡ್ಮಿಷನ್‌ಗೆ ಪರಿಗಣಿಸುವುದಿಲ್ಲ. ಕ್ಯಾಲ್ ಸ್ಟೇಟ್ ಕೂಡ ಹಾಗೆಯೇ. ಬರ್ಕ್ಲಿ, ಯುಸಿಎಲ್‌ಎಗಳೇ ಬೇಡ ಎನ್ನುವಾಗ ಈ ಪರೀಕ್ಷೆಗೆ ಬೆಲೆ ಎಲ್ಲಿದೆ? ನನ್ನ ಮಗಳು ಆ ಶನಿವಾರಗಳನ್ನೆಲ್ಲ ರೋಬೋಟಿಕ್ಸ್‌ಗೆ ಕೊಟ್ಟಳು.

ಗಣಿತದ ಮೇಷ್ಟ್ರು

ನಿಮ್ಮ ಮಗಳು ಕ್ಯಾಲಿಫೋರ್ನಿಯಾ ಬಿಟ್ಟು ಬೇರೆಲ್ಲೂ ಅರ್ಜಿ ಹಾಕದಿದ್ದರೆ ನಿಮ್ಮ ಮಾತು ಸರಿ ಸರ್. ಆದರೆ ಕೇಳಿದವರು ಇರುವುದು ಟೆಕ್ಸಸ್‌ನಲ್ಲಿ. ಅಲ್ಲಿನ ಸರ್ಕಾರಿ ಯೂನಿವರ್ಸಿಟಿ ಯುಟಿ ಆಸ್ಟಿನ್ ಕೋವಿಡ್ ಸಮಯದಲ್ಲಿ ಸಡಿಲ ಬಿಟ್ಟಿದ್ದನ್ನು ವಾಪಸ್ ತೆಗೆದುಕೊಂಡು ಮತ್ತೆ ಸ್ಕೋರ್ ಕೇಳುತ್ತಿದೆ. ಎಂಐಟಿ 2022ರಲ್ಲೇ ವಾಪಸ್ ತಂದಿತು. 2024ರಲ್ಲಿ ಡಾರ್ಟ್ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್ಟೆಕ್ ಕೂಡ ಅದೇ ಹಾದಿ ಹಿಡಿದವು. ಜಾರ್ಜಿಯಾ ಟೆಕ್‌ಗೆ ಬೇಕೇ ಬೇಕು. ಫ್ಲೋರಿಡಾದ ಸರ್ಕಾರಿ ಯೂನಿವರ್ಸಿಟಿಗಳೂ ಕೇಳುತ್ತವೆ. ಅತ್ತ ಕೊಲಂಬಿಯಾ ಕಳಿಸುವುದು ಬಿಡುವುದು ನಿಮ್ಮಿಷ್ಟ ಎನ್ನುತ್ತದೆ. ಅಂದರೆ ಕಾಲೇಜಿಗೊಂದು ನಿಯಮ, ಅದೂ ವರ್ಷ ವರ್ಷ ಬದಲಾಗುತ್ತದೆ. ಮಗ ಅರ್ಜಿ ಹಾಕುವ ವರ್ಷದ ನಿಯಮವನ್ನು ಆಯಾ ಕಾಲೇಜಿನ ವೆಬ್‌ಸೈಟಿನಲ್ಲೇ ನೋಡಿ. ನೆಂಟರು ಹೇಳಿದ್ದನ್ನು ನಂಬಬೇಡಿ, ನಾನು ಹೇಳಿದ್ದನ್ನೂ ಒಮ್ಮೆ ಅಲ್ಲಿ ನೋಡಿಕೊಳ್ಳಿ.

ಟೆಕ್ಸಸ್ ಎಂದ ಮೇಲೆ ಇನ್ನೆರಡು ಮಾತು. ಯುಟಿ ಆಸ್ಟಿನ್‌ಗೆ ಅಲ್ಲಿನ ಮಕ್ಕಳ ಆಟೋಮ್ಯಾಟಿಕ್ ಅಡ್ಮಿಷನ್ ನಡೆಯುವುದು ಸ್ಕೂಲಿನ ಕ್ಲಾಸ್ ರ‍್ಯಾಂಕ್ ಮೇಲೆ. 2026ರ ಫಾಲ್‌ನಿಂದ ಅದು ಮೊದಲ 5 ಪರ್ಸೆಂಟ್‌ಗೆ ಇಳಿದಿದೆ. ಮೊದಲು 6 ಇತ್ತು. ಆ ಅಡ್ಮಿಷನ್ ಕೂಡ ಯೂನಿವರ್ಸಿಟಿಗೆ ಮಾತ್ರ, ಕಂಪ್ಯೂಟರ್ ಸೈನ್ಸ್ ಸಿಗುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ಇನ್ನೊಂದು, ಎಸ್‌ಎಟಿಯಲ್ಲಿ 480 ಮತ್ತು 530 ಬಂದರೆ ಟೆಕ್ಸಸ್‌ನ ಸರ್ಕಾರಿ ಕಾಲೇಜುಗಳಲ್ಲಿ ಟಿಎಸ್‌ಐ ಎಂಬ ಅರ್ಹತಾ ಪರೀಕ್ಷೆಯಿಂದ ವಿನಾಯಿತಿ ಸಿಗುತ್ತದೆ. ಬೆಂಚ್‌ಮಾರ್ಕ್‌ನಿಂದ ಕೈಗೆ ಸಿಗುವ ಉಪಯೋಗ ಎಂದರೆ ಇಂಥದ್ದು. ಕಮ್ಯುನಿಟಿ ಕಾಲೇಜ್ ಮೂಲಕ ಹೋಗುವ ಮಕ್ಕಳಿಗೆ ಇದು ದೊಡ್ಡ ಅನುಕೂಲ.

ನ್ಯೂಜೆರ್ಸಿ ಅಕ್ಕ

ಮಲ್ಲಿಗೆದಂಡೆ ಅವರೇ, ಇನ್ನು ನಿಮ್ಮ ಮನೆಗೆ ಕಾಲೇಜುಗಳಿಂದ ಬಣ್ಣ ಬಣ್ಣದ ಕಾಗದಗಳೂ ಇಮೇಲ್‌ಗಳೂ ರಾಶಿ ರಾಶಿ ಬರುತ್ತವೆ, ನೋಡುತ್ತಿರಿ. ಮಗನ ಹೆಸರು ಹಾಕಿ "ನಿನ್ನಂಥವರೇ ನಮಗೆ ಬೇಕು" ಎಂದು ಬರೆದಿರುತ್ತಾರೆ. ನಮ್ಮತ್ತೆಯವರು ಊರಿಗೆಲ್ಲ ಫೋನ್ ಮಾಡಿ ಮೊಮ್ಮಗಳಿಗೆ ಸೀಟು ಸಿಕ್ಕಿತು ಎಂದು ಹೇಳಿಬಿಟ್ಟಿದ್ದರು! ಅದು ಬರೀ ಜಾಹೀರಾತು. ಮಕ್ಕಳು ಒಪ್ಪಿಗೆ ಕೊಟ್ಟಿದ್ದರೆ ಅವರ ಮಾಹಿತಿ ಸಂಪರ್ಕ ಪಟ್ಟಿಗೆ ಹೋಗುತ್ತದೆ, ಕಾಲೇಜುಗಳು ಕಾಗದ ಹಾಕುತ್ತವೆ. ಪಿಎಸ್‌ಎಟಿ ಸ್ಕೋರನ್ನು ಅಡ್ಮಿಷನ್‌ಗಾಗಿ ಯಾವ ಕಾಲೇಜಿಗೂ ಕಳಿಸುವುದಿಲ್ಲ. ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಬಿಡಿ, ಅರ್ಧ ಟೆನ್ಷನ್ ಅಲ್ಲೇ ಹೋಗುತ್ತದೆ.

ಕೋಚಿಂಗ್ ವಿಷಯದಲ್ಲಿ ನನಗೆ ಸಿಟ್ಟೇ ಇದೆ. ನಮ್ಮ ಕಡೆ ಒಂದು ಸೆಂಟರ್‌ನಲ್ಲಿ ಸಾವಿರಾರು ಡಾಲರ್ ಕೊಟ್ಟು ಮಗಳನ್ನು ಸೇರಿಸಿದ್ದೆವು. ಎಲ್ಲ ಮಕ್ಕಳಿಗೂ ಒಂದೇ ಪಾಠ, ಒಂದೇ ವರ್ಕ್‌ಶೀಟ್. ಅವಳಿಗೆ ಬರುತ್ತಿದ್ದ ಆಲ್ಜೀಬ್ರಾವನ್ನೇ ಮತ್ತೆ ಮತ್ತೆ ಹೇಳಿಕೊಟ್ಟರು. ಬಿಡಿಸಿ, ಈ ಪರೀಕ್ಷೆಯದೇ ಬ್ಲೂಬುಕ್ ಎಂಬ ಆ್ಯಪಿನಲ್ಲಿ ಮನೆಯಲ್ಲೇ ಕೂರಿಸಿದ ಮೇಲೆ ಸ್ಕೋರ್ ಅಲುಗಾಡಿತು.

ಹುಬ್ಬಳ್ಳಿ ಹೈದ

ಅಕ್ಕಾ, ನಿಮ್ಮ ಮಗಳು ತಾನಾಗಿ ಕೂರುವಂಥವಳು. ನನ್ನ ಮಗ ಕೂರುವುದಿಲ್ಲ. ಎದುರಿಗೆ ಯಾರಾದರೂ ಇದ್ದರೆ ಮಾತ್ರ ಪುಸ್ತಕ ತೆರೆಯುತ್ತಾನೆ. ಅವನಿಗೆ ವಾರಕ್ಕೊಮ್ಮೆ ಒಬ್ಬ ಟ್ಯೂಟರ್ ಇಟ್ಟೆವು, ಉಪಯೋಗವಾಯಿತು. ಕೋಚಿಂಗ್ ಎಲ್ಲ ದಂಡ ಎಂದು ಸಾರಾಸಗಟಾಗಿ ಹೇಳಬೇಡಿ.

ಗಣಿತದ ಮೇಷ್ಟ್ರು

ಇಬ್ಬರ ಮಾತೂ ನಿಜ. ಆದರೆ ದುಡ್ಡು ಕೊಡುವ ಮೊದಲು ಖರ್ಚಿಲ್ಲದೆ ಆಗುವ ಒಂದು ಕೆಲಸ ಮುಗಿಸಿ. ರಿಪೋರ್ಟಿನ ಕೆಳಗೆ ವಿಷಯವಾರು ಪಟ್ಟಿಗಳಿರುತ್ತವೆ, ಹುಡುಗ ಎಷ್ಟು ಗಟ್ಟಿ ಎಂದು ಉದ್ದದಲ್ಲಿ ತೋರಿಸುವ ಗೆರೆಗಳು. ಮ್ಯಾತ್‌ನಲ್ಲಿ ನಾಲ್ಕು. ಆಲ್ಜೀಬ್ರಾ, ಅಡ್ವಾನ್ಸ್ಡ್ ಮ್ಯಾತ್, ಡೇಟಾ ಅನಾಲಿಸಿಸ್, ಜಾಮೆಟ್ರಿ ಮತ್ತು ಟ್ರಿಗ್ನಾಮೆಟ್ರಿ. ಎಸ್‌ಎಟಿಯಲ್ಲಿ ಇವಕ್ಕೆಲ್ಲ ಸಮನಾದ ತೂಕವಿಲ್ಲ. ಮೊದಲೆರಡೇ ಸುಮಾರು 70 ಪರ್ಸೆಂಟ್ ಪ್ರಶ್ನೆಗಳು, ಉಳಿದವು ತಲಾ ಸುಮಾರು 15. ಹುಡುಗನಿಗೆ ಜಾಮೆಟ್ರಿ ಪಟ್ಟಿ ಚಿಕ್ಕದಿದೆ ಎಂದು ತಿಂಗಳುಗಟ್ಟಲೆ ವೃತ್ತ, ತ್ರಿಕೋನ ಮಾಡಿಸುವ ಅಪ್ಪಂದಿರನ್ನು ನೋಡಿದ್ದೇನೆ. ಅಡ್ವಾನ್ಸ್ಡ್ ಮ್ಯಾತ್ ಸ್ವಲ್ಪ ಗಟ್ಟಿ ಮಾಡಿಸಿದ್ದರೆ ಅದರ ಎರಡು ಪಟ್ಟು ಫಲ ಸಿಗುತ್ತಿತ್ತು.

ಆದರೆ ಈ ಪಟ್ಟಿಗಳು ತುಂಬ ಒರಟು ಅಳತೆ. ಯಾವ ಪ್ರಶ್ನೆ ತಪ್ಪಿತು, ಯಾಕೆ ತಪ್ಪಿತು ಎಂದು ತೋರಿಸುವುದಿಲ್ಲ. ಅದಕ್ಕೆ ಬ್ಲೂಬುಕ್‌ನಲ್ಲಿರುವ ಪೂರ್ತಿ ಪ್ರಾಕ್ಟೀಸ್ ಟೆಸ್ಟ್ ಬೇಕು. ಅಲ್ಲಿ ಮುಗಿಸಿದ ಮೇಲೆ ಒಂದೊಂದು ಪ್ರಶ್ನೆಯನ್ನೂ ತೆರೆದು ನೋಡಬಹುದು, ವಿವರಣೆಯೂ ಇರುತ್ತದೆ. ಒಟ್ಟು 2 ಗಂಟೆ 14 ನಿಮಿಷದ ಪರೀಕ್ಷೆ. ಶನಿವಾರ ಬೆಳಿಗ್ಗೆ, ಫೋನ್ ಇನ್ನೊಂದು ರೂಮಿನಲ್ಲಿಟ್ಟು, ಒಂದೇ ಉಸಿರಿಗೆ ಮಾಡಿಸಿ. ಆಮೇಲೆ ತಪ್ಪಾದ ಪ್ರತಿ ಪ್ರಶ್ನೆಯ ಎದುರು ಅವನೇ ಬರೆಯಲಿ. ಗೊತ್ತೇ ಇರಲಿಲ್ಲವಾ, ಗೊತ್ತಿದ್ದೂ ಅವಸರ ಮಾಡಿದನಾ, ಅಥವಾ ಸಮಯ ಸಾಲಲಿಲ್ಲವಾ? ಈ ಮೂರಕ್ಕೂ ಮದ್ದು ಬೇರೆ ಬೇರೆ. ಗೊತ್ತಿಲ್ಲದ್ದಕ್ಕೆ ಖಾನ್ ಅಕಾಡೆಮಿಯ ಉಚಿತ ಪಾಠಗಳು ಸಾಕು. ಅವಸರಕ್ಕೆ ಯಾವ ಕೋಚಿಂಗ್ ಸೆಂಟರ್‌ನಲ್ಲೂ ಮದ್ದಿಲ್ಲ.

ಇನ್ನೊಂದು ವಿಷಯ, ಇಲ್ಲಿ ನೆಗೆಟಿವ್ ಮಾರ್ಕಿಂಗ್ ಇಲ್ಲ. ಊರಿನ ಜೆಇಇ, ನೀಟ್ ಅಭ್ಯಾಸದಲ್ಲಿ "ಗೊತ್ತಿಲ್ಲದಿದ್ದರೆ ಬಿಟ್ಟುಬಿಡು" ಎಂದು ಹೇಳಿಕೊಡಬೇಡಿ. ಒಂದನ್ನೂ ಖಾಲಿ ಬಿಡಬಾರದು. ಮತ್ತೆ ಆ್ಯಪಿನಲ್ಲೇ ಡೆಸ್ಮೋಸ್ ಗ್ರಾಫಿಂಗ್ ಕ್ಯಾಲ್ಕುಲೇಟರ್ ಇರುತ್ತದೆ, ಮ್ಯಾತ್ ಭಾಗ ಪೂರ್ತಿ ಬಳಸಬಹುದು. "ಕ್ಯಾಲ್ಕುಲೇಟರ್ ಹಿಡಿದರೆ ಅದೆಂಥ ಗಣಿತ" ಎಂದು ದಯವಿಟ್ಟು ಬಯ್ಯಬೇಡಿ. ಎರಡು ಸಮೀಕರಣ ಎಲ್ಲಿ ಕೂಡುತ್ತವೆ ಎಂದು ಗ್ರಾಫ್ ಹಾಕಿ ನೋಡಲು ಬರುವ ಹುಡುಗನಿಗೆ ಸಮಯ ಉಳಿಯುತ್ತದೆ.

ಸೊಪ್ಪಿನಸಾರು (ಕಾಲೇಜು ಎರಡನೇ ವರ್ಷ)

ನಾನು ಇಲ್ಲೇ ಬೆಳೆದವಳು, ಕನ್ನಡ ಬರೆಯುವುದು ಸ್ವಲ್ಪ ನಿಧಾನ. ತಪ್ಪಿದ್ದರೆ ಕ್ಷಮಿಸಿ ಆಂಟಿ. ಮಕ್ಕಳ ಕಡೆಯಿಂದ ಒಂದಿಷ್ಟು ಹೇಳಬೇಕು ಅನಿಸಿತು.

"ಇಟ್ಸ್ ಫೈನ್" ಎಂದು ಬಾಗಿಲು ಹಾಕಿಕೊಂಡ ಅಂದಿರಿ. ಅವನಿಗೆ ಎಲ್ಲರ ಸ್ಕೋರ್ ಆಗಲೇ ಗೊತ್ತು ಆಂಟಿ. ಸ್ಕೋರ್ ಬಂದ ದಿನ ಲಂಚ್ ಟೇಬಲ್‌ನಲ್ಲಿ ಬೇರೆ ಮಾತೇ ಇರುವುದಿಲ್ಲ. ಮನೆಗೆ ಬರುವ ಹೊತ್ತಿಗೆ ಇಡೀ ದಿನ ಅದನ್ನೇ ಕೇಳಿ ಸಾಕಾಗಿರುತ್ತದೆ. ಅವತ್ತೇ ಕೂರಿಸಿಕೊಂಡು ಪ್ಲಾನ್ ಮಾಡಲು ಹೋದರೆ ಏನೂ ಕಿವಿಗೆ ಹೋಗುವುದಿಲ್ಲ. ಎರಡು ದಿನ ಬಿಡಿ.

ಸ್ಕೋರ್ ಇರುವುದು ಅವನ ಕಾಲೇಜ್ ಬೋರ್ಡ್ (ಈ ಪರೀಕ್ಷೆ ನಡೆಸುವ ಸಂಸ್ಥೆ) ಅಕೌಂಟಿನಲ್ಲಿ. ಪಾಸ್‌ವರ್ಡ್ ಕೇಳಿ ಇಸಿದುಕೊಳ್ಳಬೇಡಿ, ಅವನೇ ತೆರೆದು ತೋರಿಸಲಿ. ನಮ್ಮ ಅಪ್ಪ ಪಕ್ಕದಲ್ಲಿ ಕೂತು "ಇದು ಏನು ಹೇಳುತ್ತೆ, ನನಗೆ ಅರ್ಥ ಆಗಲ್ಲ, ಹೇಳು" ಎಂದು ಕೇಳಿದ್ದರು. ಬೇಕಂತಲೇ ಕೇಳಿದರೋ ನಿಜವಾಗಿ ಗೊತ್ತಿರಲಿಲ್ಲವೋ ಇವತ್ತಿಗೂ ತಿಳಿಯದು. ಆದರೆ ಅವರಿಗೆ ವಿವರಿಸುತ್ತಾ ವಿವರಿಸುತ್ತಾ ನನ್ನ ವೀಕ್ ಪಾಯಿಂಟ್ ನನಗೇ ಕಾಣಿಸಿತು. "ಯಾಕೆ ಕಮ್ಮಿ ಬಂತು" ಎಂದು ಕೇಳಿದರೆ ನಮಗೆ ಉತ್ತರ ಇರಲ್ಲ. "ಎಲ್ಲಿ ಟೈಮ್ ಸಾಲಲಿಲ್ಲ" ಎಂದು ಕೇಳಿದರೆ ಇರುತ್ತೆ.

ಅಜ್ಜಿಗೆ, ಅತ್ತೆಗೆ, ಗ್ರೂಪಿಗೆ ಹೇಳುವ ಮೊದಲು ಅವನನ್ನು ಒಂದು ಮಾತು ಕೇಳಿ. ಸ್ಕೋರ್ ಚೆನ್ನಾಗಿದ್ದರೂ ಕೇಳಿ.

ಮಲ್ಲಿಗೆದಂಡೆ

ಪುಟ್ಟಾ, ನಿನ್ನ ಕನ್ನಡ ತುಂಬ ಚೆನ್ನಾಗಿದೆ. ಗ್ರೂಪಿಗೆ ಇನ್ನೂ ಹೇಳಿಲ್ಲ, ಇನ್ನು ಹೇಳುವುದೂ ಇಲ್ಲ.

ಮೇಷ್ಟ್ರೇ, ರಿಪೋರ್ಟಿನಲ್ಲಿ ಸೆಲೆಕ್ಷನ್ ಇಂಡೆಕ್ಸ್ 174 ಎಂದಿದೆ. ಇದು ನ್ಯಾಷನಲ್ ಮೆರಿಟ್‌ಗೆ ಅಂತೆ. ಏನಿದು?

ಗಣಿತದ ಮೇಷ್ಟ್ರು

ರೀಡಿಂಗ್ ಸ್ಕೋರನ್ನು ಎರಡರಿಂದ ಗುಣಿಸಿ, ಮ್ಯಾತ್ ಕೂಡಿಸಿ, ಹತ್ತರಿಂದ ಭಾಗಿಸಿ. 1120 ಮತ್ತು 620 ಕೂಡಿದರೆ 1740, ಅಂದರೆ 174. ಇದು 48ರಿಂದ 228ರವರೆಗೆ ಇರುತ್ತದೆ. ರೀಡಿಂಗ್‌ಗೆ ಎರಡು ಪಟ್ಟು ತೂಕ ಎನ್ನುವುದನ್ನು ಗಮನಿಸಿ. ಮ್ಯಾತ್ ಒಂದನ್ನೇ ನೆಚ್ಚಿಕೊಂಡ ನಮ್ಮ ಮಕ್ಕಳು ಇಲ್ಲೇ ಸಿಕ್ಕಿಬೀಳುವುದು.

ನ್ಯಾಷನಲ್ ಮೆರಿಟ್ ಎಂದರೆ ಇದರ ಮೇಲೆ ನಡೆಯುವ ಸ್ಕಾಲರ್‌ಶಿಪ್ ಸ್ಪರ್ಧೆ. ವರ್ಷಕ್ಕೆ ಸುಮಾರು 13 ಲಕ್ಷ ಮಕ್ಕಳು ಅದಕ್ಕೆ ಸೇರುತ್ತಾರೆ. ಗುರುತಿಸುವುದು ಸುಮಾರು 50,000 ಜನರನ್ನು. ಅದರಲ್ಲಿ ಸೆಮಿಫೈನಲಿಸ್ಟ್ ಆಗುವವರು ಸುಮಾರು 16,000. ಸೆಮಿಫೈನಲಿಸ್ಟ್ ಗೆರೆ ರಾಜ್ಯಕ್ಕೊಂದು. ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್, ಕ್ಯಾಲಿಫೋರ್ನಿಯಾಗಳಲ್ಲಿ ತುಂಬ ಮೇಲೆ. ಬರೀ ಪ್ರಶಂಸೆಯ ಕಾಗದಕ್ಕೇ ಇತ್ತೀಚಿನ ವರ್ಷಗಳಲ್ಲಿ 200ರ ಮೇಲೆ ಬೇಕಾಗಿದೆ. 174ಕ್ಕೆ ಅದು ಸಿಗುವುದಿಲ್ಲ, ನೇರವಾಗಿ ಹೇಳುತ್ತಿದ್ದೇನೆ. ಲೆಕ್ಕಕ್ಕೆ ಬರುವುದು 11ನೇ ಕ್ಲಾಸಿನ ಪಿಎಸ್‌ಎಟಿ, ಅದು ಮುಗಿದಿದೆ. ಆ ಸಾಲನ್ನು ಬಿಟ್ಟು ಮುಂದೆ ಹೋಗಿ.

ಹೊಸಬಳು (ಮಿಷಿಗನ್)

ನನ್ನದೂ ಒಂದು ಪ್ರಶ್ನೆ. ನಾವು ಎಚ್-4 ವೀಸಾದಲ್ಲಿ (ಎಚ್-1ಬಿ ಕೆಲಸದವರ ಕುಟುಂಬದ ವೀಸಾ) ಇದ್ದೇವೆ. ಮಗಳು 9ನೇ ಕ್ಲಾಸ್ ಮಧ್ಯದಲ್ಲಿ ಬೆಂಗಳೂರಿನಿಂದ ಬಂದಳು, ಈಗ 11ನೇ ಕ್ಲಾಸು. ಮ್ಯಾತ್ 690, ರೀಡಿಂಗ್ 480. ಇಷ್ಟೊಂದು ವ್ಯತ್ಯಾಸ ನೋಡಿ ಗಾಬರಿಯಾಗಿದೆ. ಅವಳು ಇಂಗ್ಲಿಷ್ ಮೀಡಿಯಂನಲ್ಲೇ ಓದಿದವಳು.

ನ್ಯೂಜೆರ್ಸಿ ಅಕ್ಕ

ಗಾಬರಿ ಬೇಡ. 480 ಬಂದಿದೆ ಅಂದರೆ 11ನೇ ಕ್ಲಾಸಿನ ಬೆಂಚ್‌ಮಾರ್ಕ್ ದಾಟಿದ್ದಾಳೆ. ನಮ್ಮ ಮಕ್ಕಳಿಗೆ ಅಲ್ಲಿ ಪಾಠದಲ್ಲಿ ಇರುವುದನ್ನು ಓದಿ ಬರೆದು ಅಭ್ಯಾಸ. ಇಲ್ಲಿ ಒಂದು ಚಿಕ್ಕ ಪ್ಯಾರಾ ಕೊಟ್ಟು "ಲೇಖಕ ಏನು ಸೂಚಿಸುತ್ತಾನೆ" ಎಂದು ಕೇಳುತ್ತಾರೆ. ಅದಕ್ಕೆ ಸಮಯ ಬೇಕು.

ಆದರೆ ಆ ಭಾಗದಲ್ಲಿ ಸುಮಾರು ಕಾಲು ಭಾಗ ಬರೀ ವ್ಯಾಕರಣ. ಕಾಮಾ, ಸೆಮಿಕೋಲನ್, ಕ್ರಿಯಾಪದ ಹೊಂದುವುದು, ಇಷ್ಟೇ. ನಿಯಮ ಕಲಿತರೆ ಬೇಗ ಕೈಗೆ ಬರುತ್ತದೆ. ಮೊದಲು ಅದನ್ನು ಹಿಡಿಯಲಿ. ಓದುವುದಂತೂ ದಿನಾ ನಡೆಯಬೇಕು. ವಿಜ್ಞಾನ, ಇತಿಹಾಸ, ಸಾಹಿತ್ಯ ಎಲ್ಲದರಿಂದಲೂ ಪ್ಯಾರಾ ಬರುತ್ತದೆ, ಹಾಗಾಗಿ ಕಥೆ ಒಂದೇ ಓದಿದರೆ ಸಾಲದು.

ಗಣಿತದ ಮೇಷ್ಟ್ರು

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸ್ಕೂಲು ಅವಳನ್ನು ಇಂಗ್ಲಿಷ್ ಲರ್ನರ್ ಎಂದು ಗುರುತಿಸಿದ್ದರೆ ಸ್ಕೂಲಿನಲ್ಲೇ ನಡೆಯುವ ಸ್ಕೂಲ್ ಡೇ ಎಸ್‌ಎಟಿಯಲ್ಲಿ ಒಂದೂವರೆ ಪಟ್ಟು ಸಮಯ ಸಿಗಬಹುದು. ಇಂಗ್ಲಿಷ್ ಮೀಡಿಯಂನಿಂದ ಬಂದವಳಾದ್ದರಿಂದ ಗುರುತಿಸಿರಲಿಕ್ಕಿಲ್ಲ, ಆದರೂ ಕೇಳಿ ನೋಡಿ. ಡಿಸ್ಲೆಕ್ಸಿಯಾ, ಎಡಿಎಚ್‌ಡಿಯಂಥ ಕಾರಣ ಇರುವ ಮಕ್ಕಳ ದಾರಿ ಬೇರೆ. ಸ್ಕೂಲಿನಲ್ಲಿ ಐಇಪಿ ಅಥವಾ 504 ಪ್ಲಾನ್ (ಅಂಥ ಮಕ್ಕಳಿಗೆ ಸ್ಕೂಲು ಮಾಡುವ ವಿಶೇಷ ನೆರವಿನ ಯೋಜನೆ) ಇದ್ದರೂ ಎಸ್‌ಎಟಿಗೆ ಹೆಚ್ಚಿನ ಸಮಯ ಬೇಕೆಂದರೆ ಕಾಲೇಜ್ ಬೋರ್ಡ್‌ನ ಒಪ್ಪಿಗೆ ಬೇರೆಯೇ ಬೇಕು. ಅದಕ್ಕೆ ಏಳು ವಾರದವರೆಗೂ ಹಿಡಿಯಬಹುದು. ಮಾರ್ಚ್ ಪರೀಕ್ಷೆಗೆ ಫೆಬ್ರವರಿಯಲ್ಲಿ ಕೇಳಿದರೆ ತಡವಾಗುತ್ತದೆ.

ಎಚ್-4 ಎಂದಿರಿ. ಫೆಡರಲ್ ಸರ್ಕಾರದ ವಿದ್ಯಾರ್ಥಿ ನೆರವು ನಿಮಗೆ ಸಿಗುವುದಿಲ್ಲ. ಅದು ಸಿಟಿಜನ್, ಗ್ರೀನ್ ಕಾರ್ಡ್ ಮತ್ತು ಇನ್ನು ಕೆಲವು ವರ್ಗದವರಿಗೆ ಮಾತ್ರ. ಹಾಗಾಗಿ ನಿಮ್ಮ ಮನೆಯಲ್ಲಿ ಸ್ಕೋರ್ ಇನ್ನೊಂದು ಲೆಕ್ಕಕ್ಕೂ ಬರುತ್ತದೆ. ಕೆಲವು ಕಾಲೇಜುಗಳು ತಾವೇ ಕೊಡುವ ಮೆರಿಟ್ ಸ್ಕಾಲರ್‌ಶಿಪ್‌ಗೆ ಸ್ಕೋರ್ ನೋಡುತ್ತವೆ. ಅದರಲ್ಲಿ ವೀಸಾದವರಿಗೂ ಕೊಡುವವು ಯಾವುವು ಎಂದು ಒಂದೊಂದಾಗಿ ಹುಡುಕಬೇಕು. ಬೇಸರದ ಕೆಲಸ, ಆದರೆ ಕೋಚಿಂಗ್‌ಗಿಂತ ಇದರಿಂದ ಉಳಿಯುವ ದುಡ್ಡು ಜಾಸ್ತಿ.

ಬೇ ಏರಿಯಾ ಅಪ್ಪ

ಸರಿ ಮೇಷ್ಟ್ರೇ, ಮಗಳು ಈಗ ಕ್ಯಾಲಿಫೋರ್ನಿಯಾದ ಆಚೆಗೂ ನೋಡುತ್ತೇನೆ ಎನ್ನುತ್ತಿದ್ದಾಳೆ. ಒಂದು ಕಾಲೇಜಿಗೆ ಸ್ಕೋರ್ ಎಷ್ಟು ಬೇಕು ಎಂದು ತಿಳಿಯುವುದು ಹೇಗೆ? ಇಂಟರ್ನೆಟ್‌ನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಗಣಿತದ ಮೇಷ್ಟ್ರು

ಕಾಲೇಜಿನ ಹೆಸರಿನ ಜೊತೆ ಕಾಮನ್ ಡೇಟಾ ಸೆಟ್ ಎಂದು ಹುಡುಕಿ. ಬಹುಪಾಲು ಕಾಲೇಜುಗಳು ವರ್ಷಾ ವರ್ಷಾ ಪ್ರಕಟಿಸುತ್ತವೆ. ಅದರ ಸಿ9 ಭಾಗದಲ್ಲಿ ಸೇರಿದ ಮಕ್ಕಳ 25ನೇ ಮತ್ತು 75ನೇ ಪರ್ಸೆಂಟೈಲ್ ಸ್ಕೋರ್ ಇರುತ್ತದೆ. ಉದಾಹರಣೆಗೆ 1250 ಮತ್ತು 1420 ಎಂದಿದ್ದರೆ ಸ್ಕೋರ್ ಕೊಟ್ಟು ಸೇರಿದವರಲ್ಲಿ ಅರ್ಧ ಜನ ಈ ಎರಡರ ನಡುವೆ ಇದ್ದಾರೆ. ಕಾಲು ಭಾಗ 1250ಕ್ಕಿಂತ ಕೆಳಗೂ ಇದ್ದಾರೆ ಎನ್ನುವುದು ಮರೆಯುವ ಮಾತಲ್ಲ. 1250 ಅಲ್ಲಿನ ಕನಿಷ್ಠ ಅಂಕವಲ್ಲ.

ಅದೇ ಸಾಲಿನಲ್ಲಿ ಎಷ್ಟು ಪರ್ಸೆಂಟ್ ಮಕ್ಕಳು ಸ್ಕೋರ್ ಕೊಟ್ಟಿದ್ದಾರೆ ಎಂದೂ ಇರುತ್ತದೆ. ಇದನ್ನು ತಪ್ಪದೆ ನೋಡಿ. ಸ್ಕೋರ್ ಕಡ್ಡಾಯವಿಲ್ಲದ ಕಾಲೇಜಿಗೆ ಚೆನ್ನಾಗಿ ಬಂದವರು ಕಳಿಸುತ್ತಾರೆ, ಉಳಿದವರು ಸುಮ್ನೆ ಇರುತ್ತಾರೆ. ಹಾಗಾಗಿ ಅಲ್ಲಿ ಕಾಣುವ ಸಂಖ್ಯೆ ನಿಜಕ್ಕಿಂತ ಉಬ್ಬಿರುತ್ತದೆ. ಅಂಥ ಕಡೆ ಮಗಳ ಸ್ಕೋರ್ ಆ ಎರಡು ಸಂಖ್ಯೆಗಳ ಮಧ್ಯಕ್ಕೆ ಬಂದರೆ ನಾನು ಕಳಿಸು ಎನ್ನುತ್ತೇನೆ. 25ನೇ ಪರ್ಸೆಂಟೈಲ್ ಸ್ಕೋರಿಗಿಂತ ಕೆಳಗಿದ್ದರೆ ಸಾಮಾನ್ಯವಾಗಿ ಬೇಡ ಎನ್ನುತ್ತೇನೆ. ಎಲ್ಲಕ್ಕಿಂತ ಮೊದಲು ಅವರು ನೋಡುವುದು ನಾಲ್ಕು ವರ್ಷದ ಗ್ರೇಡ್ ಮತ್ತು ಎಷ್ಟು ಕಷ್ಟದ ಕೋರ್ಸ್ ತೆಗೆದುಕೊಂಡಿದ್ದಾಳೆ ಎನ್ನುವುದನ್ನು. ಎಸ್‌ಎಟಿಗಾಗಿ ಎಪಿ (ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಕೋರ್ಸ್) ಕೆಮಿಸ್ಟ್ರಿಯಲ್ಲಿ 'ಸಿ' ತಂದುಕೊಂಡರೆ ನಷ್ಟವೇ.

ಸೊಪ್ಪಿನಸಾರು (ಕಾಲೇಜು ಎರಡನೇ ವರ್ಷ)

ಸೂಪರ್‌ಸ್ಕೋರ್ ಬಗ್ಗೆ ಯಾರೂ ಹೇಳಲಿಲ್ಲ. ಒಮ್ಮೆ ಬರೆದಾಗ ರೀಡಿಂಗ್ 600, ಮ್ಯಾತ್ 680. ಮತ್ತೆ ಬರೆದಾಗ 650 ಮತ್ತು 660. ಎರಡರಲ್ಲೂ ಚೆನ್ನಾಗಿರುವುದನ್ನು ತೆಗೆದುಕೊಂಡು 650 ಪ್ಲಸ್ 680, ಅಂದರೆ 1330 ಎಂದು ನೋಡುವ ಕಾಲೇಜುಗಳು ತುಂಬ ಇವೆ. ಹಾಗಾಗಿ ಎರಡನೇ ಸಲ ಒಂದು ಭಾಗಕ್ಕೇ ಜಾಸ್ತಿ ಓದಿದರೂ ನಡೆಯುತ್ತದೆ. ಜಾರ್ಜ್‌ಟೌನ್ ಥರ ಬರೆದ ಎಲ್ಲ ಸ್ಕೋರ್ ಕಳಿಸಿ ಎನ್ನುವವರೂ ಇದ್ದಾರೆ, ನೋಡಿಕೊಳ್ಳಿ.

ಹುಬ್ಬಳ್ಳಿ ಹೈದ

ಎಸ್‌ಎಟಿ ಬದಲು ಇನ್ನೊಂದು ಅಡ್ಮಿಷನ್ ಪರೀಕ್ಷೆ, ಎಸಿಟಿ ಬರೆಸಿದರೆ ಹೇಗೆ? ಅದು ಸುಲಭ ಅಂತ ಯಾರೋ ಅಂದರು.

ಗಣಿತದ ಮೇಷ್ಟ್ರು

ಸುಲಭ ಅಲ್ಲ, ಬೇರೆ. 1ರಿಂದ 36ರ ಸ್ಕೇಲು. 2025ರಲ್ಲಿ ಅದನ್ನೂ ಚಿಕ್ಕದು ಮಾಡಿ, ಸೈನ್ಸ್ ಭಾಗವನ್ನು ಐಚ್ಛಿಕ ಮಾಡಿದ್ದಾರೆ. ಎರಡನ್ನೂ ಹೋಲಿಸಲು 2018ರ ಪಟ್ಟಿ ಇದೆ. ಅದರಲ್ಲಿ ಎಸ್‌ಎಟಿ 1400ಕ್ಕೆ ಎಸಿಟಿ 31 ಸಮ. ಮನೆಯಲ್ಲಿ ಎರಡರದ್ದೂ ಒಂದೊಂದು ಉಚಿತ ಟೆಸ್ಟ್ ಮಾಡಿಸಿ, ಯಾವುದು ಹಿಡಿಸಿತೋ ಅದರಲ್ಲೇ ಇರಲಿ. ಎರಡೂ ದೋಣಿಯಲ್ಲಿ ಕಾಲಿಡಬೇಡಿ.

ಮಲ್ಲಿಗೆದಂಡೆ

ಮೇಷ್ಟ್ರು ಹೇಳಿದ ಹಾಗೆ ಶನಿವಾರ ಬ್ಲೂಬುಕ್ ಟೆಸ್ಟ್ ಮಾಡಿದ. ತಪ್ಪುಗಳ ಎದುರು ಅವನೇ ಕಾರಣ ಬರೆದುಕೊಂಡ. ಅಡ್ವಾನ್ಸ್ಡ್ ಮ್ಯಾತ್‌ನಲ್ಲಿ ಕ್ವಾಡ್ರಾಟಿಕ್ ಬಂದಲ್ಲೆಲ್ಲ ತೊಡಕಿದೆ. ರೀಡಿಂಗ್‌ನಲ್ಲಿ ಮಾತ್ರ ಹೆಚ್ಚಿನವು ಗೊತ್ತಿದ್ದೂ ಅವಸರದಲ್ಲಿ ತಪ್ಪಿದವು. ಯಜಮಾನರು ಕೋಚಿಂಗ್ ವಿಚಾರ ಸದ್ಯಕ್ಕೆ ಬಿಟ್ಟಿದ್ದಾರೆ. ಪೂರ್ತಿ ಬಿಟ್ಟಿದ್ದಾರೆ ಅಂತ ಹೇಳಲಾರೆ. ಮಾರ್ಚ್ ಎಸ್‌ಎಟಿಗೆ ರಿಜಿಸ್ಟರ್ ಮಾಡಬೇಕು ಎಂದುಕೊಂಡಿದ್ದೇವೆ. ಮುಂದಿನ ವಾರ ಸ್ಕೂಲ್ ಕೌನ್ಸೆಲರ್ ಭೇಟಿ ಇದೆ. ಏನೇನು ಕೇಳಲಿ?

ಗಣಿತದ ಮೇಷ್ಟ್ರು

ಮಾರ್ಚ್ ಒಳ್ಳೆಯದು. ಮೇ ತಿಂಗಳಿನಲ್ಲಿ ಎಪಿ ಪರೀಕ್ಷೆಗಳು ಬಂದು ಕೂರುತ್ತವೆ. ಮತ್ತೊಮ್ಮೆ ಬೇಕಾದರೆ ಜೂನ್ ಅಥವಾ ಆಗಸ್ಟ್ ಇಟ್ಟುಕೊಳ್ಳಿ, ನವೆಂಬರ್ 1ರ ಅರ್ಲಿ ಅರ್ಜಿಗೆ ಮೊದಲೇ ಮುಗಿಯುತ್ತದೆ. ರಿಜಿಸ್ಟರ್ ಮಾಡುವ ಮೊದಲು ಕೌನ್ಸೆಲರ್ ಹತ್ತಿರ ಸ್ಕೂಲ್ ಡೇ ಎಸ್‌ಎಟಿ ಇದೆಯಾ ಎಂದು ಕೇಳಿ. ಇದ್ದರೆ ಅದರ ಖರ್ಚನ್ನು ಎಷ್ಟೋ ಕಡೆ ಸ್ಕೂಲೋ ಸರ್ಕಾರವೋ ನೋಡಿಕೊಳ್ಳುತ್ತದೆ. ಹೊರಗೆ ಬರೆದರೆ 2024-25ರಲ್ಲಿ 68 ಡಾಲರ್ ಇತ್ತು. ಆದಾಯ ಕಮ್ಮಿ ಇರುವ ಮನೆಯವರಿಗೆ ಫೀ ಮಾಫಿ ಇದೆ, ಅದೂ ಕೌನ್ಸೆಲರ್ ಮೂಲಕವೇ.

ಎಪಿ ಪೊಟೆನ್ಷಿಯಲ್ ರಿಪೋರ್ಟ್ ತೋರಿಸಿ ಎನ್ನಿ. ಪಿಎಸ್‌ಎಟಿ ಸ್ಕೋರ್ ಇಟ್ಟುಕೊಂಡು ಯಾವ ಎಪಿ ಪರೀಕ್ಷೆಯಲ್ಲಿ 3 ಅಥವಾ ಹೆಚ್ಚು ಬರುವ ಸಾಧ್ಯತೆ ಇದೆ ಎಂದು ಅದು ಹೇಳುತ್ತದೆ. 12ನೇ ಕ್ಲಾಸಿನ ಕೋರ್ಸ್ ಆರಿಸುವ ಸಮಯಕ್ಕೆ ಕೈಯಲ್ಲಿದ್ದರೆ ಒಳ್ಳೆಯದು. ಕ್ಲಾಸ್ ರ‍್ಯಾಂಕ್ ಎಷ್ಟಿದೆ ಎಂದು ಕೇಳಿ, ಟೆಕ್ಸಸ್‌ನಲ್ಲಿ ಅದು ಸ್ಕೋರಿಗಿಂತ ದೊಡ್ಡದು. ಸ್ಕೂಲು ನೇವಿಯನ್ಸ್ ಎಂಬ ಕಾಲೇಜು ಆಯ್ಕೆಯ ಸಾಫ್ಟ್‌ವೇರ್ ಬಳಸುತ್ತಿದ್ದರೆ ನಿಮ್ಮದೇ ಸ್ಕೂಲಿನಿಂದ ಹಿಂದೆ ಅರ್ಜಿ ಹಾಕಿದ ಮಕ್ಕಳ ಗ್ರೇಡ್, ಸ್ಕೋರ್, ಫಲಿತಾಂಶದ ಗ್ರಾಫ್ ಹೆಸರಿಲ್ಲದೆ ಸಿಗುತ್ತದೆ. ಇಡೀ ದೇಶದ ಪರ್ಸೆಂಟೈಲ್‌ಗಿಂತ ಅದು ನಿಮ್ಮ ಕೆಲಸಕ್ಕೆ ಬರುತ್ತದೆ. ಮಗನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಪ್ರಶ್ನೆಗಳನ್ನು ಅವನೇ ಕೇಳಲಿ. ಯಜಮಾನರು ಬಂದರೂ ತೊಂದರೆ ಇಲ್ಲ, ಕ್ಯಾಲ್ಕುಲೇಟರ್ ಬೇಡ ಅಷ್ಟೇ.